ಬಿಟ್ಟಿ ಬೆಳಕು

ಮನುಷ್ಯನ ತಲೆ ತಿರುಗಬೇಕಾದರೆ ಹೆಂಡವೇ ಬೇಕೆಂದೇನಿಲ್ಲ, ಸಾಲಿನಲ್ಲಿ ಹಿಂದೆ ನಿಂತವರು ಒಮ್ಮೆ ಚಪ್ಪಾಳೆ ತಟ್ಟಿದರೂ ಸಾಕು. ಕನ್ನಡಕದಣ್ಣನಿಗೆ ಆದದ್ದು ಅದೇ. ಅದುವರೆಗೆ ಅವನು ಯಾರ ಮೇಲೂ ದನಿ ಎತ್ತಿದವನಲ್ಲ. ತನ್ನ ಪುಟ್ಟ ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಒಂದಾದ ಮೇಲೊಂದು ಗಾಜು ಇಟ್ಟು, "ಈಗ ಚೆನ್ನಾಗಿ ಕಾಣುತ್ತಾ, ಆಗ ಚೆನ್ನಾಗಿ ಕಾಣ್ತಿತ್ತಾ?" ಎಂದು ಕೇಳುವುದನ್ನು ಬಿಟ್ಟರೆ ಅವನ ಬಾಯಿಂದ ಇನ್ನೊಂದು ಪ್ರಶ್ನೆ ಹೊರಟದ್ದನ್ನು ಕೇಳಿದವರಿಲ್ಲ. ಅಂಥವನು ಒಂದು ಬೆಳಗ್ಗೆ ನಗರಸಭೆಯ ತೆರಿಗೆ ಕಿಟಕಿಯ ಮುಂದೆ ನಿಂತು ಸರ್ಕಾರದ ಬುಡಕ್ಕೇ ಕೈ ಹಾಕಿದ.

ತಪ್ಪು ಪೂರ್ತಿ ಅವನದೂ ಅಲ್ಲ. ಆ ಕಿಟಕಿಯನ್ನು ಎಷ್ಟು ತಗ್ಗಿನಲ್ಲಿ ಕೊರೆದಿದ್ದರೆಂದರೆ ತೆರಿಗೆ ಕಟ್ಟುವವನು ಎಷ್ಟೇ ದೊಡ್ಡವನಾಗಿರಲಿ, ಸೊಂಟ ಬಗ್ಗಿಸಲೇಬೇಕು. ಬಗ್ಗಿದವನಿಗೆ ಗುಮಾಸ್ತನ ಗಲ್ಲ ಕಾಣುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ಕನ್ನಡಕದಣ್ಣ ಆ ಗಲ್ಲವನ್ನು ಉದ್ದೇಶಿಸಿ ಮಾತಾಡಿದ.

"ನಮ್ಮ ಓಣಿ ದೀಪ ಕೆಟ್ಟು ಎಷ್ಟೋ ದಿನ ಆಯ್ತು ಸ್ವಾಮಿ. ದೀಪಾನೇ ಇಲ್ಲ ಅಂದ್ಮೇಲೆ ದೀಪದ ತೆರಿಗೆ ಎಲ್ಲಿಂದ ಬಂತು?"

"ದೀಪ ಹತ್ತಲ್ಲ ಅಂತ ದೂರು ಕೊಡೋದು ಪಕ್ಕದ ಕಿಟಕೀಲಿ. ಇಲ್ಲಿ ತೆರಿಗೆ ಮಾತ್ರ," ಎಂದಿತು ಗಲ್ಲ.

"ಪಕ್ಕದ ಕಿಟಕಿ ಮುಚ್ಚಿದೆಯಲ್ಲ?"

"ಅದು ಮುಚ್ಚಿದೆ ಅಂತ ದೂರು ಕೊಡೋದೂ ಅಲ್ಲೇ."

ಬಗ್ಗಿ ಬಗ್ಗಿ ಸೊಂಟ ನೋಯುತ್ತಿತ್ತು. ಕನ್ನಡಕದಣ್ಣ ನೆಟ್ಟಗೆ ನಿಂತ. ನೆಟ್ಟಗೆ ನಿಂತದ್ದೇ ತಡ, ಮಾತು ತಾನಾಗಿ ಹೊರಬಂತು: "ಇದು ಹಗಲು ದರೋಡೆ! ಕೇಳದೆ ಜೇಬಿಗೆ ಕೈ ಹಾಕಿದವನನ್ನ ಕಳ್ಳ ಅಂತೀವಿ, ರಸೀದಿ ಕೊಟ್ಟು ಕೈ ಹಾಕಿದ್ರೆ ಸರ್ಕಾರ ಅಂತೀವಿ. ಎಲ್ಲಿದೆ ರೀ ನ್ಯಾಯ?"

ಹಿಂದಿನ ಸಾಲು ಕತ್ತು ಚಾಚಿತು. ಆಮೇಲೆ ಚಪ್ಪಾಳೆ ಬಿತ್ತು. ಯಾರೋ "ಭಲೇ" ಎಂದರು. ಯಾವಳೋ ಹೆಂಗಸು, "ಹೀಗೆ ಮಾತಾಡೋರು ನಮ್ಮ ಬೀದೀಲಿ ಒಬ್ಬರೂ ಇಲ್ಲ" ಎಂದು ನಿಟ್ಟುಸಿರು ಬಿಟ್ಟಳು. ಕನ್ನಡಕದಣ್ಣನ ಕಿವಿ ಬಿಸಿಯಾಯಿತು, ಎದೆ ಉಬ್ಬಿತು.

"ಹಾಗಾದ್ರೆ ನಿಮಗೆ ನಮ್ಮ ದೀಪಾನೂ ಬೇಡ, ತೆರಿಗೇನೂ ಬೇಡ?" ಗಲ್ಲ ಸಮಾಧಾನವಾಗಿ ಕೇಳಿತು.

"ಸುತರಾಂ ಬೇಡ! ನಮ್ಮ ದೀಪ ನಾವು ನೋಡ್ಕೋತೀವಿ!"

ಮತ್ತೊಂದು ಚಪ್ಪಾಳೆ. ಗುಮಾಸ್ತ ಯಾರೂ ಎಳೆಯದ ಒಂದು ಡ್ರಾಯರ್ ಎಳೆದು, ಕಾಗದವೊಂದರ ಧೂಳು ಊದಿ, "ಇಲ್ಲಿ ಸಹಿ ಹಾಕಿ" ಎಂದ. ಈಗ ಒಂದು ಗುಟ್ಟು ಹೇಳಲೇಬೇಕು. ಕಚೇರಿಗೆ ಹೋಗುವಾಗಲೆಲ್ಲ ಕನ್ನಡಕದಣ್ಣ ಅಂಗಡಿಯ ಪ್ರದರ್ಶನದ ಪೆಟ್ಟಿಗೆಯಿಂದ ಚಿನ್ನದ ಬಣ್ಣದ ಒಂದು ಫ್ರೇಮು ತೆಗೆದು ಹಾಕಿಕೊಳ್ಳುತ್ತಿದ್ದ, ಗೌರವ ಹೆಚ್ಚುತ್ತದೆಂದು. ಅದರಲ್ಲಿ ಗಾಜಿರಲಿಲ್ಲ. ನಿಜವಾದ ಕನ್ನಡಕ ಅಂಗಡಿಯ ಮೇಜಿನ ಮೇಲಿತ್ತು. ಕಾಗದದ ಅಕ್ಷರಗಳು ಅವನ ಕಣ್ಣಿಗೆ ಇರುವೆ ಸಾಲಿನಂತೆ ಹರಿದಾಡಿದವು. ಇಷ್ಟು ಜನರೆದುರು ಕನ್ನಡಕದಂಗಡಿಯವನೇ "ಕಣ್ಣು ಕಾಣಲ್ಲ, ಓದಿ ಹೇಳಿ" ಎನ್ನುವುದುಂಟೆ? ಬೆವರು ಒರೆಸಿಕೊಳ್ಳುವ ನೆಪದಲ್ಲಿ ಬೆರಳು ಎತ್ತಿದ. ಬೆರಳು ಫ್ರೇಮಿನೊಳಗಿಂದ ತೂರಿ ನೇರ ರೆಪ್ಪೆಗೆ ತಗುಲಿತು. ಒಂದು ಕಣ್ಣಲ್ಲಿ ನೀರು ಸುರಿಸುತ್ತಲೇ ಸಹಿ ಹಾಕಿದ. ಸಾಲಿನವರು ಅದನ್ನು ದೇಶಕ್ಕಾಗಿ ಸುರಿಸಿದ ಕಣ್ಣೀರೆಂದು ತಿಳಿದರು.

ಆ ಕಾಗದದಲ್ಲಿ ಇದ್ದದ್ದು ಇಷ್ಟೆ: ಓಣಿಯ ದೀಪ, ಕಂಬ, ಅದರ ಖರ್ಚು, ಅದರಿಂದಾಗುವ ಒಳಿತು ಕೆಡುಕು ಇಂದಿನಿಂದ ಸಹಿ ಹಾಕಿದವರದು, ಓಣಿಗೆ ದೀಪದ ತೆರಿಗೆ ಮಾಫಿ. ಹೀಗೊಂದು ನಿಯಮ ಇರುವುದು ಸ್ವತಃ ನಿಯಮ ಮಾಡಿದವರಿಗೇ ಮರೆತುಹೋಗಿತ್ತಂತೆ.

ಕನ್ನಡಕದಣ್ಣ ಓಣಿ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಅದೊಂದು ಇಕ್ಕಟ್ಟಾದ ಇಳಿಜಾರು ಓಣಿ. ನಟ್ಟನಡುವೆ ಸವೆದು ವಾರೆಯಾದ ಕಲ್ಲು ಮೆಟ್ಟಿಲುಗಳು, ಮೆಟ್ಟಿಲ ಪಕ್ಕದಲ್ಲಿ ದೀಪದ ಕಂಬ, ಕಂಬದ ಬುಡದಲ್ಲೇ ತಗಡಿನ ಕೆಲಸ ಮಾಡುವ ತಗಡಿನಣ್ಣನ ಮನೆ. ಮೆಟ್ಟಿಲ ಮೇಲೆ ನಿಂತಿದ್ದ ಇಸ್ತ್ರಿಯವಳು ದೂರದಿಂದಲೇ ಕೂಗಿದಳು: "ತೆರಿಗೆ ತೆಗೆಸಿಬಿಟ್ರಂತೆ! ಇದನ್ನ ಮೊದಲೇ ಮಾಡಬಾರದಿತ್ತಾ ಅಣ್ಣ? ಇಷ್ಟು ವರ್ಷ ಸುಮ್ನೆ ಕಟ್ಟಿದ್ವಲ್ಲ!" ನಿವೃತ್ತ ಮೇಷ್ಟ್ರು ಮನೆಯಿಂದ ಹೊರಬಂದು ಕೈ ಕುಲುಕಿ, ಸ್ವಾತಂತ್ರ್ಯ ಎಂದರೇನು ಎಂಬುದರ ಬಗ್ಗೆ ಪೀಠಿಕೆ ಹಾಕಿದರು. ಮೇಲಿನ ಕಿಟಕಿಯಿಂದ ಅಜ್ಜಿಯೊಬ್ಬಳು, "ಯಾರಿಗೆ ಮದುವೆ?" ಎಂದು ಕೇಳಿದಳು.

ತಗಡಿನಣ್ಣ ಮಾತ್ರ ಎದ್ದು ಬರಲಿಲ್ಲ. ಅವನು ತನ್ನ ಬಾಗಿಲ ಕಟ್ಟೆಯ ಮೇಲೆ ಕೂತು ಎಣ್ಣೆ ಸುರಿಯುವ ಲಾಳಿಕೆಯೊಂದರ ಅಂಚು ಮಡಿಸುತ್ತಿದ್ದ. ಅವನೂ ಕನ್ನಡಕದಣ್ಣನೂ ಶಾಲೆಯಲ್ಲಿ ಒಂದೇ ಬೆಂಚಿನವರು. ತಗಡಿನಣ್ಣನಿಗೆ ಹೆಂಡತಿ ತೀರಿಹೋದ ಮೇಲೆ ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ಆಗಿನಿಂದ ಇಬ್ಬರಿಗೂ ಒಂದು ರೂಢಿ: ಸಂಜೆ ಓಣಿಯ ದೀಪ ಹತ್ತಿದೊಡನೆ ಕನ್ನಡಕದಣ್ಣ ಅಂಗಡಿ ಮುಚ್ಚಿ ಬಂದು ಆ ಕಟ್ಟೆಯ ಮೇಲೆ ಕೂರಬೇಕು, ತಗಡಿನಣ್ಣ ದೀಪದ ಬೆಳಕಿಗೆ ಪೇಪರ್ ಹಿಡಿದು ಗಟ್ಟಿಯಾಗಿ ಓದಬೇಕು, ಪ್ರತಿ ಸುದ್ದಿಗೂ ಕನ್ನಡಕದಣ್ಣ "ಇದು ಹಗಲು ದರೋಡೆ" ಎನ್ನಬೇಕು, ತಗಡಿನಣ್ಣ "ಆಯ್ತು, ಮುಂದೆ ಕೇಳು" ಎನ್ನಬೇಕು. ಹವಾಮಾನದ ಸುದ್ದಿಗೂ ಇದೇ ಕ್ರಮ. ದೀಪ ಕೆಟ್ಟ ಮೇಲೆ ಈ ಓದು ನಿಂತುಹೋಗಿತ್ತು. ಕನ್ನಡಕದಣ್ಣ ಕಿಟಕಿಯ ಮುಂದೆ ಅಷ್ಟು ರೇಗಿದ್ದರ ಮೂಲ ಕಾರಣವೂ ಅದೇ, ಅವನಿಗೇ ಅದು ತಿಳಿದಿರಲಿಲ್ಲ ಅಷ್ಟೆ.

"ಇನ್ಮೇಲೆ ದೀಪ ಯಾರು ಹಚ್ತಾರೆ?" ತಗಡಿನಣ್ಣ ತಲೆ ಎತ್ತದೆ ಕೇಳಿದ.

"ನಾವೇ."

"ನಾವು ಅಂದ್ರೆ?"

"ನಾವು ಅಂದ್ರೆ ನಾವು ಕಣೋ. ಒತ್ತಾಯ ಇಲ್ಲ, ಜುಲುಮೆ ಇಲ್ಲ. ಇಷ್ಟ ಇದ್ದೋರು ಇಷ್ಟ ಬಂದಷ್ಟು ಹಾಕೋದು."

ತಗಡಿನಣ್ಣ ಲಾಳಿಕೆ ಪಕ್ಕಕ್ಕಿಟ್ಟು ಗೆಳೆಯನ ಮುಖ ನೋಡಿದ. ಮರುದಿನ ಚಂದದ ಒಂದು ತಗಡಿನ ಡಬ್ಬಿ ಮಾಡಿ, ಮೇಲೆ ಸೀಳು ಕೊರೆದು, "ಇಷ್ಟವಿದ್ದರೆ ಹಾಕಿ" ಎಂದು ಬರೆದು ಕಂಬಕ್ಕೆ ನೇತುಹಾಕಿದ. ಕನ್ನಡಕದಣ್ಣ ತನ್ನ ಅಂಗಡಿಯಿಂದ ತಂತಿ ಎಳೆದು ಹೊಸ ಬಲ್ಬು ಹಾಕಿಸಿದ. ಸಂಜೆ ದೀಪ ಹತ್ತಿದಾಗ ಓಣಿಗೆ ಓಣಿಯೇ ಹೊರಗೆ ಬಂದಿತ್ತು. ಹಳದಿ ಬೆಳಕು ಮೆಟ್ಟಿಲ ಮೇಲೆ, ಬಾಗಿಲುಗಳ ಮೇಲೆ, ಎಲ್ಲರ ಮುಖದ ಮೇಲೆ ಬಿತ್ತು. ತಗಡಿನಣ್ಣ ಪೇಪರ್ ಬಿಡಿಸಿ, "ಪರವಾಗಿಲ್ಲ ಕಣೋ, ನಿನ್ನ ಸರ್ಕಾರ" ಎಂದ. ಆ ಸಂಜೆ ಎಲ್ಲವೂ ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

ಮೊದಲ ತಿಂಗಳು ಡಬ್ಬಿ ತುಂಬಿತು. ಎರಡನೆಯ ತಿಂಗಳು ಅಲುಗಾಡಿಸಿದರೆ ಸದ್ದಾಗುತ್ತಿತ್ತು. ಮೂರನೆಯ ತಿಂಗಳು ತೆರೆದು ನೋಡಿದರೆ ಒಂದು ಪ್ಯಾಂಟಿನ ಗುಂಡಿ, ಹಳೆಯ ಬಸ್ ಟಿಕೇಟು, ಮತ್ತು "ಈ ಸಲ ಕ್ಷಮಿಸಿ" ಎಂಬ ಚೀಟಿ.

ಕನ್ನಡಕದಣ್ಣ ಮನೆಮನೆಗೆ ಹೋದ. ಇಸ್ತ್ರಿಯವಳು, "ನಾನು ಕತ್ತಲಾಗೋಕೆ ಮುಂಚೆ ಗಂಟು ಕಟ್ತೀನಣ್ಣ. ನೋಡದೇ ಇರೋ ಬೆಳಕಿಗೆ ನಾನ್ಯಾಕೆ ಕೊಡ್ಲಿ?" ಎಂದಳು. ಮೇಲಿನ ಕಿಟಕಿಯ ಅಜ್ಜಿಯದು ಇನ್ನೂ ಒಂದು ಹೆಜ್ಜೆ ಮುಂದೆ: "ನಿನ್ನ ದೀಪ ನನ್ನ ಕಿಟಕೀಲಿ ನುಗ್ಗಿ ನಿದ್ದೆ ಕೆಡಿಸುತ್ತೆ. ನೀನೇ ನನಗೆ ಏನಾದ್ರೂ ಕೊಡಬೇಕು." ಮೇಷ್ಟ್ರು ಮಾತ್ರ ಕುರ್ಚಿ ಕೊಟ್ಟು ಕೂರಿಸಿ, ಗಂಟಲು ಸರಿಪಡಿಸಿಕೊಂಡು ಕೇಳಿದರು:

"ಕೊಡಿ ಅಂತ ಮನೆ ಬಾಗಿಲಿಗೆ ಬರೋದಕ್ಕೆ ಏನಂತಾರೆ?"

"ವಂತಿಗೆ ಅಂತಾರೆ ಮೇಷ್ಟ್ರೇ."

"ಕೊಡಲ್ಲ ಅಂದ್ಮೇಲೂ ಎದ್ದು ಹೋಗದೇ ಕೂತಿರೋದಕ್ಕೆ?"

ಕನ್ನಡಕದಣ್ಣ ಎದ್ದು ಹೊರಟ. ಮೇಷ್ಟ್ರು ಹಿಂದಿನಿಂದ, "ಬೇಜಾರು ಮಾಡ್ಕೋಬೇಡಿ, ನಾನು ನಿಮ್ಮ ತತ್ವಕ್ಕೇ ಬದ್ಧ" ಎಂದರು. ಆ ಸಂಜೆ ಅದೇ ಮೇಷ್ಟ್ರು ಅದೇ ದೀಪದ ಬೆಳಕಿನಲ್ಲಿ ಬಾಗಿಲ ಮುಂದೆ ಆರಾಮಾಗಿ ಉಗುರು ಕತ್ತರಿಸಿಕೊಳ್ಳುತ್ತಿದ್ದುದನ್ನು ಕನ್ನಡಕದಣ್ಣ ನೋಡಿದ. ಒಂದೊಂದು ಉಗುರು ಹಾರಿದಾಗಲೂ ಅವನಿಗೆ ತನ್ನ ಬಲ್ಬೇ ಸವೆದಂತೆ ಕಂಡಿತು.

"ಬಿಟ್ಟಿ ಬೆಳಕು!" ಎಂದ, ಕಟ್ಟೆಯ ಮೇಲೆ ಕೂತು. "ನೋಡೋ ಹೇಗೆ ಕೂತಿದ್ದಾರೆ! ಆ ಕಡೆಗೆ ಬೆಳಕು ಹೋಗದ ಹಾಗೆ ದೀಪಕ್ಕೊಂದು ತಗಡು ಮರೆ ಮಾಡಿಕೊಡು."

"ದೀಪ ಇರೋದು ಬೆಳಕು ಕೊಡೋಕೆ. ಅದಕ್ಕೆ ಮರೆ ಕಟ್ಟು ಅಂತೀಯಲ್ಲೋ?"

"ಕೊಟ್ಟೋರಿಗೆ ಬೆಳಕು, ಕೊಡದೋರಿಗೆ ಕತ್ತಲು. ಇದರಲ್ಲಿ ಏನು ತಪ್ಪು? ಒತ್ತಾಯ ಮಾಡ್ತಿಲ್ಲವಲ್ಲ ನಾನು."

ತಗಡಿನಣ್ಣನಿಗೆ ಇಷ್ಟವಿರಲಿಲ್ಲ. ಆದರೆ ಗೆಳೆಯ ಕೇಳಿದ ಮೇಲೆ ಇಲ್ಲವೆನ್ನುವುದೂ, ಕೆಲಸ ಮಾಡುವುದಾದರೆ ಕೆಟ್ಟದಾಗಿ ಮಾಡುವುದೂ ಅವನಿಂದಾಗದು. ನಸುಬಾಗಿದ ಅಚ್ಚುಕಟ್ಟಾದ ಒಂದು ಮರೆ ತಯಾರಾಯಿತು. ಅದನ್ನು ಕೂರಿಸಿದಾಗ ಮೇಷ್ಟ್ರ ಬಾಗಿಲಿಗೆ ಸರಿಯಾಗಿ, ಗೆರೆ ಎಳೆದಂತೆ, ಕತ್ತಲು ಬಿತ್ತು. ಓಣಿಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಮೇಷ್ಟ್ರು ತಮ್ಮ ಕುರ್ಚಿಯನ್ನು ಎರಡು ಹೆಜ್ಜೆ ಆಚೆಗೆ, ಇಸ್ತ್ರಿಯವಳ ಬಾಗಿಲ ಬೆಳಕಿಗೆ ಎಳೆದುಕೊಂಡು ಉಳಿದ ಉಗುರುಗಳನ್ನು ಕತ್ತರಿಸಿಕೊಂಡರು.

ಹಾಗಾಗಿ ಇಸ್ತ್ರಿಯವಳ ಕಡೆಗೂ ಒಂದು ಮರೆ ಬಂತು. ಅಜ್ಜಿಯ ಕಿಟಕಿಗೆ ಬಂದ ಮರೆಯನ್ನು ಅಜ್ಜಿ ಮಾತ್ರ ಸ್ವಾಗತಿಸಿದಳು, "ಇಷ್ಟು ದಿನಕ್ಕೆ ಬುದ್ಧಿ ಬಂತು" ಎಂದು. ಇವರೆಲ್ಲ ಕೊಡದೇ ಬದುಕಿದ್ದಾರೆಂದು ಕಂಡ ಮೇಲೆ ಕೊಡುತ್ತಿದ್ದ ಒಬ್ಬಿಬ್ಬರೂ ಕೈಬಿಟ್ಟರು, ಅವರ ಕಡೆಗೂ ತಗಡು ಏರಿತು. ಓಣಿಯಲ್ಲಿ ನಡೆಯುವುದೇ ಒಂದು ವಿದ್ಯೆಯಾಯಿತು: ಇಲ್ಲಿ ಬೆಳಕು, ಇಲ್ಲಿ ಕತ್ತಲು, ಮತ್ತೆ ಬೆಳಕು. ಕತ್ತಲ ಪಟ್ಟೆಗಳಲ್ಲಿ ಜನ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದು, ಬೆಳಕಿನ ಪಟ್ಟೆಗೆ ಬಂದು ಜಗಳಾಡುತ್ತಿದ್ದರು.

ಇಷ್ಟರಲ್ಲಿ ಕನ್ನಡಕದಣ್ಣನಲ್ಲಿ ಇನ್ನೊಂದು ಬದಲಾವಣೆ ಬಂದಿತ್ತು. ದೀಪದ ವಿಷಯ ಮಾತಾಡಲು ಬಂದವರ ಕಾಟ ತಾಳಲಾರದೆ ಅಂಗಡಿಯ ಶಟರನ್ನು ಅರ್ಧಕ್ಕೆ ಇಳಿಸಿಕೊಂಡು ಕೂರತೊಡಗಿದ. ಬಂದವರು ಸೊಂಟ ಬಗ್ಗಿಸಿಯೇ ಮಾತಾಡಬೇಕು. ಅವರಿಗೆ ಅವನ ಗಲ್ಲ ಮಾತ್ರ ಕಾಣುತ್ತಿತ್ತು. "ಬರೆದುಕೊಂಡು ಬನ್ನಿ" ಎಂದಿತು ಗಲ್ಲ. "ನಾಳೆ ಬನ್ನಿ" ಎಂದಿತು. ಅಜ್ಜಿ ನಿದ್ದೆ ಕೆಟ್ಟದ್ದಕ್ಕೆ ಪರಿಹಾರ ಕೇಳಲು ಬಂದಾಗ, "ಪರಿಹಾರಕ್ಕೆ ಬೇರೆ ಅರ್ಜಿ" ಎಂದುಬಿಟ್ಟಿತು.

"ನಿನ್ನ ಮೂಗು ಒರೆಸಿದ ಕೈ ಇದು. ನನ್ನ ಹತ್ರ ಅರ್ಜಿ ಕೇಳ್ತೀಯೇನೋ!" ಎಂದು ಅಜ್ಜಿ ಶಟರಿಗೆ ಕೋಲಿನಿಂದ ಬಾರಿಸಿದಳು. ಸದ್ದು ಮುಖ್ಯ ಬೀದಿಯವರೆಗೂ ಕೇಳಿಸಿತು.

ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿಯೂ ಬಗ್ಗಬೇಕಾಯಿತು. "ನೋಡಿ, ನನ್ನ ಕೈಯಿಂದ ಊಟ ಬೇಕಾದ್ರೆ ನೀವು ಆಚೆ ಬಂದು ನೆಟ್ಟಗೆ ನಿಂತ್ಕೊಂಡು ತಗೊಳ್ಳಿ. ನಾನಂತೂ ಬಗ್ಗಲ್ಲ," ಎಂದು ಡಬ್ಬಿಯನ್ನು ಹೊರಗಿಟ್ಟು ಹೊರಟುಹೋದಳು.

ಆ ವಾರವೇ ನಗರಸಭೆಯ ಗುಮಾಸ್ತ ಸೈಕಲ್ ತಳ್ಳಿಕೊಂಡು ಓಣಿಯ ಮೂಲಕ ಹಾದುಹೋದ. ಮೊದಲ ಸಲ ಅವನ ಪೂರ್ತಿ ಮುಖ ಕಂಡಿತು. ತೀರ ಸಾಧಾರಣ, ನೆಗಡಿ ಹಿಡಿದ ಮುಖ. ಮುಕ್ಕಾಲು ಮುಚ್ಚಿದ ದೀಪವನ್ನು ತುಂಬ ಹೊತ್ತು ನೋಡಿ, "ಇಷ್ಟು ಧೈರ್ಯ ನಮ್ಮ ಕಚೇರೀಲಿ ಯಾರಿಗೂ ಇಲ್ಲ ಸ್ವಾಮಿ" ಎಂದ. ಕನ್ನಡಕದಣ್ಣ ಅದನ್ನು ಹೊಗಳಿಕೆ ಎಂದೇ ತಿಳಿದ.

ಆಗ ಉಳಿದಿದ್ದದ್ದು ಎರಡೇ ಕಡೆ ಬೆಳಕು: ಕನ್ನಡಕದಣ್ಣನ ಬಾಗಿಲು, ತಗಡಿನಣ್ಣನ ಕಟ್ಟೆ. ಸಂಜೆಯ ಓದು ಹೇಗೋ ನಡೆಯುತ್ತಿತ್ತು. ಒಂದು ದಿನ ಕತ್ತಲೊಳಗಿಂದ ಮೇಷ್ಟ್ರ ದನಿ ಬಂತು: "ಒಂದು ಸಂದೇಹ. ನಿಮ್ಮ ಸ್ನೇಹಿತರು ಡಬ್ಬಿಗೆ ಇದುವರೆಗೆ ಎಷ್ಟು ಹಾಕಿದ್ದಾರೆ?"

ಇನ್ನೊಂದು ಕತ್ತಲೊಳಗಿಂದ ಇಸ್ತ್ರಿಯವಳು, "ಅದನ್ನ ಕೇಳಿ ಮೇಷ್ಟ್ರೇ!" ಎಂದಳು.

ತಗಡಿನಣ್ಣ ಒಂದು ಕಾಸೂ ಹಾಕಿರಲಿಲ್ಲ. ಡಬ್ಬಿ ಮಾಡಿದ್ದಕ್ಕೆ, ಮರೆಗಳನ್ನು ಮಾಡಿದ್ದಕ್ಕೆ ಅವನೂ ಏನೂ ಕೇಳಿರಲಿಲ್ಲ, ಇವನೂ ಕೊಟ್ಟಿರಲಿಲ್ಲ. ಗೆಳೆಯರ ನಡುವೆ ಅದು ವಿಷಯವೇ ಆಗಿರಲಿಲ್ಲ. ಆದರೆ ಕತ್ತಲೊಳಗೆ ಕಿವಿಗಳು ಕಾಯುತ್ತಿದ್ದವು. ಕನ್ನಡಕದಣ್ಣನಿಗೆ ತನ್ನ ಸರ್ಕಾರದ ಮಾನ ನೆನಪಾಯಿತು.

"ಏನಾದ್ರೂ ಸ್ವಲ್ಪ ಹಾಕಿಬಿಡೋ," ಎಂದ ತಗ್ಗಿದ ದನಿಯಲ್ಲಿ. "ಹೆಸರಿಗೆ. ಅವರ ಬಾಯಿ ಮುಚ್ಚಿಸೋಕೆ."

ತಗಡಿನಣ್ಣ ಪೇಪರ್ ಮಡಿಸಿದ. "ಹಾಕಲ್ಲ ಕಣೋ. ಎಲ್ಲರ ಮೇಲೂ ಬೀಳೋ ದೀಪಕ್ಕೆ ಕೇಳು, ಬೇರೆಯವರು ಕೊಡದಿದ್ರೂ ಅವರದ್ದೂ ಸೇರಿಸಿ ಕೊಡ್ತೀನಿ. ಇಸ್ತ್ರಿಯವಳ ಬಾಗಿಲು ಕತ್ತಲು ಮಾಡೋ ದೀಪಕ್ಕೆ ಕೊಡಲ್ಲ."

"ಹಾಗಂದ್ರೆ ನಿಯಮದ ಪ್ರಕಾರ..." ಎಂದ ಕನ್ನಡಕದಣ್ಣ.

"ಗೊತ್ತು," ಎಂದು ತಗಡಿನಣ್ಣ ಒಳಗೆ ಹೋದ.

ಮರುದಿನ ಸಂಜೆ ಅವನು ಹೊಸದೊಂದು ಮರೆ ಹಿಡಿದು ಬಂದ. ಹಿಂದಿನ ಎಲ್ಲ ಮರೆಗಳಿಗಿಂತ ನಾಜೂಕಾಗಿ, ದುಂಡಗೆ, ಅಂಚು ಮಡಿಸಿ ಮಾಡಿದ್ದ. ಏಣಿ ಹಾಕಿ ತಾನೇ ಹತ್ತಿದ. ಕನ್ನಡಕದಣ್ಣ ಕೆಳಗೆ ಏಣಿ ಹಿಡಿದುಕೊಂಡ. ಓಣಿಯವರೆಲ್ಲ ತಮ್ಮ ತಮ್ಮ ಕತ್ತಲಲ್ಲಿ ನಿಂತು ನೋಡುತ್ತಿದ್ದರು. ಮೇಲಿನಿಂದ ತಗಡಿನಣ್ಣ ಕೇಳಿದ: "ಸರಿಯಾಗಿ ಕೂತಿದೆಯಾ ನೋಡು."

ಆಗ ಹೇಳಬಹುದಾಗಿದ್ದ ಮಾತುಗಳು ಬೇಕಾದಷ್ಟಿದ್ದವು. ಬೇಡ ಇಳಿಯೋ ಎನ್ನಬಹುದಿತ್ತು. ತಪ್ಪಾಯ್ತು ಎನ್ನಬಹುದಿತ್ತು. ಏಣಿಯನ್ನು ಸುಮ್ಮನೆ ಅಲುಗಾಡಿಸಿ ನಕ್ಕುಬಿಟ್ಟಿದ್ದರೂ ಆಗುತ್ತಿತ್ತು, ಶಾಲೆಯಲ್ಲಿ ಹಾಗೆ ಮಾಡಿದವನೇ ಅವನು. ಕನ್ನಡಕದಣ್ಣ ತಲೆ ಎತ್ತಿ ನೋಡಿದ. ಕಟ್ಟೆಯ ತುದಿಯಲ್ಲಿ ಬೆರಳಗಲದ ಬೆಳಕು ಇನ್ನೂ ಉಳಿದಿತ್ತು.

"ಸ್ವಲ್ಪ ಎಡಕ್ಕೆ," ಎಂದ.

ಮೇಲಿನವನು ಸ್ವಲ್ಪ ಎಡಕ್ಕೆ ಸರಿಸಿದ. ಕಟ್ಟೆಯ ಜೊತೆಗೆ ಪಕ್ಕದ ಮೆಟ್ಟಿಲುಗಳೂ ಕತ್ತಲಾದವು. ಅವು ಯಾರ ಮನೆಯವೂ ಅಲ್ಲವಾದ್ದರಿಂದ ಅವುಗಳ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ.

ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. "ಆ ಮನುಷ್ಯನ ಕಟ್ಟೆ ಕತ್ತಲು ಮಾಡಿ ಬಂದ್ರಾ? ಸರಿ. ಇನ್ಮೇಲೆ ಈ ಮನೆಯಿಂದಲೂ ನಿಮ್ಮ ಡಬ್ಬಿಗೆ ಏನೂ ಬೀಳಲ್ಲ. ಮನೆಖರ್ಚು ನನ್ನ ಕೈಲಿದೆ. ಈಗ ನಿಮ್ಮ ನಿಯಮ ಏನು ಹೇಳುತ್ತೆ ನೋಡೋಣ."

ನಿಯಮ ಏನು ಹೇಳುತ್ತದೆಂದು ಓಣಿಗೆಲ್ಲ ಗೊತ್ತಿತ್ತು. ಮರುದಿನ ಹಗಲು ಹೊತ್ತಿನಲ್ಲೇ, ಎಲ್ಲರೂ ನೋಡುತ್ತಿರುವಾಗ, ಕನ್ನಡಕದಣ್ಣ ಹಳೆಯ ಎಣ್ಣೆ ಡಬ್ಬವೊಂದನ್ನು ಕತ್ತರಿಸಿ ತನ್ನ ಬಾಗಿಲ ಕಡೆಗೂ ಮರೆ ಕಟ್ಟಿದ. ತಗಡಿನಣ್ಣನನ್ನು ಕೇಳಲು ಮುಖವಿರಲಿಲ್ಲ. ತಾನೇ ಕತ್ತರಿಸಿದ್ದರಿಂದ ಅಂಚು ಹಲ್ಲು ಹಲ್ಲಾಗಿ, ಒಂದು ಮೂಲೆ ಮುಚ್ಚದೆ ಜೋತಾಡುತ್ತಿತ್ತು. ಮೇಷ್ಟ್ರು ತಲೆದೂಗಿ, "ಇದು ನಿಷ್ಪಕ್ಷಪಾತ" ಎಂದರು. ಸಂಜೆ ಕನ್ನಡಕದಣ್ಣ ಸ್ವಿಚ್ಚು ಒತ್ತಿದ. ದೀಪ ಹತ್ತಿತು. ಎಲ್ಲ ಕಡೆಯಿಂದ ಮುಚ್ಚಿದ ತಗಡಿನ ಪೆಟ್ಟಿಗೆಯೊಳಗೆ, ಯಾರಿಗೂ ಕಾಣದಂತೆ ಉರಿಯಿತು. ಪೆಟ್ಟಿಗೆ ಬೆಚ್ಚಗಾದ್ದರಿಂದ ಎರಡು ಪಾರಿವಾಳಗಳು ಬಂದು ಅದರ ಮೇಲೆ ಕೂತವು. ಆ ದೀಪದಿಂದ ಪ್ರಯೋಜನ ಪಡೆದ ಪ್ರಜೆಗಳು ಅವೆರಡೇ, ಅವೂ ಬಿಟ್ಟಿಯಾಗಿ.

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಕಬ್ಬಿಣ ಕಲ್ಲಿಗೆ ಬಡಿದ ಸದ್ದು, ಅದರ ಹಿಂದೆಯೇ ಮನುಷ್ಯ ಬಿದ್ದ ಸದ್ದು ಕೇಳಿಸಿತು.

ಇಸ್ತ್ರಿಯವಳು ದೀಪ ಹಿಡಿದು ಓಡಿಬಂದಳು. ತಗಡಿನಣ್ಣ ಕೊನೆಯ ಮೆಟ್ಟಿಲ ಬುಡದಲ್ಲಿ ಬಲಗೈಯನ್ನು ಎದೆಗೆ ಅವುಚಿಕೊಂಡು ಕೂತಿದ್ದ. ಮೇಲಿನ ಮೆಟ್ಟಿಲ ಮೇಲೆ ಅವನ ಏಣಿ ಬಿದ್ದಿತ್ತು, ಪಕ್ಕದಲ್ಲಿ ತಗಡು ಕತ್ತರಿ. ಕಂಬದ ಕಡೆಗೇ ಹೊರಟಿದ್ದವನು. ಜೋತಾಡುತ್ತಿದ್ದ ಆ ಕೆಟ್ಟ ಮೂಲೆಯನ್ನು ನೋಡಲಾರದೆ ಸರಿಮಾಡಿಕೊಡಲು ಬಂದನೋ, ಇಲ್ಲ ಎಲ್ಲ ಮರೆಗಳನ್ನೂ ಕಿತ್ತೆಸೆಯಲು ಬಂದನೋ, ಕನ್ನಡಕದಣ್ಣನಿಗೆ ತಿಳಿಯಲಿಲ್ಲ. ಕೇಳಲು ಧೈರ್ಯ ಬರಲಿಲ್ಲ, ಆಗಲೂ, ಆಮೇಲೂ.

ಮೇಷ್ಟ್ರು ಎಲ್ಲಿಂದಲೋ ಕೈಗಾಡಿ ತಂದರು. ಕನ್ನಡಕದಣ್ಣ ತಳ್ಳಿದ, ಮೇಷ್ಟ್ರು ಪಕ್ಕದಲ್ಲಿ ನಡೆದರು. ಓಣಿ ದಾಟಿದ್ದೇ ಬೆಳಕು ಬಂತು. ಮುಖ್ಯ ಬೀದಿಯಲ್ಲಿ ಒಂದೊಂದು ಕಂಬದ ಮೇಲೂ ದೀಪ ಉರಿಯುತ್ತಿತ್ತು, ಕೆಲವು ಮಂಕಾಗಿ, ಒಂದೆರಡು ಮಿಣುಕುತ್ತ. ಗಾಡಿಯ ಚಕ್ರ ಗುಂಡಿಗೆ ಬೀಳುವ ಮೊದಲೇ ಗುಂಡಿ ಕಾಣುತ್ತಿತ್ತು. ಯಾವ ಕಂಬವೂ ಅವರನ್ನು ನಿಲ್ಲಿಸಿ ಏನನ್ನೂ ಕೇಳಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸಾಲು ಉದ್ದವಾಗಿತ್ತು, ದಾದಿ ಗದರಿದಳು, ಬೆಂಚಿನ ಒಂದು ಕಾಲು ಮುರಿದಿತ್ತು. ಆದರೂ ಕೊನೆಗೆ ನಿದ್ದೆಗಣ್ಣಿನ ಡಾಕ್ಟರೊಬ್ಬರು ಬಂದು, ನೀವು ಯಾವ ಓಣಿಯವರೆಂದು ಕೇಳದೆ, ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದರು.

"ಹಗಲು ದರೋಡೆ ಅನ್ನು," ಎಂದ ತಗಡಿನಣ್ಣ, ನೋವಿನಲ್ಲೂ ತಮಾಷೆ ಮಾಡಲು ನೋಡಿ.

ಮರುದಿನ ಬೆಳಗ್ಗೆ ಅವನು ನಿಜವಾದ ಕನ್ನಡಕ ಹಾಕಿಕೊಂಡು ನಗರಸಭೆಗೆ ಹೋದ. ಸಾಲಿನಲ್ಲಿ ನಿಂತು, ಸರದಿ ಬಂದಾಗ ಸೊಂಟ ಬಗ್ಗಿಸಿದ.

"ದೀಪ ವಾಪಸ್ ತಗೊಳ್ಳಿ ಸ್ವಾಮಿ."

"ವಾಪಸ್ ತಗೊಳ್ಳೋಕೆ ನಿಯಮ ಇಲ್ಲವಲ್ಲ," ಎಂದಿತು ಗಲ್ಲ. ಆಮೇಲೆ ಏನೆನಿಸಿತೋ, ಗುಮಾಸ್ತ ತಾನೇ ಬಗ್ಗಿ ಕಿಟಕಿಯಿಂದ ಇವನ ಮುಖ ನೋಡಿದ. "ಯಾರಾದ್ರೂ ಬಿದ್ರಾ?"

ಕನ್ನಡಕದಣ್ಣ ಹೌದೆಂದು ತಲೆಯಾಡಿಸಿದ.

"ಕಾಗದ ಕಳೆದುಹೋಯ್ತು ಅಂತ ಬರೀತೀನಿ. ಇಲ್ಲಿ ಕಳೆದುಹೋಗೋದಕ್ಕೆ ನಿಯಮ ಬೇಕಿಲ್ಲ," ಎಂದ ಗುಮಾಸ್ತ, ಮೂಗು ಒರೆಸಿಕೊಳ್ಳುತ್ತ. "ಬಾಕಿ ತೆರಿಗೆ ಕಟ್ಟಿ ಹೋಗಿ. ಓಣಿಯವರ ಪಾಲು ಅವರವರೇ ಬಂದು ಕಟ್ಟಲಿ. ದೂರು ಇದ್ರೆ ಪಕ್ಕದ ಕಿಟಕಿ. ಅದನ್ನ ಮೊನ್ನೆ ತೆರೆದಿದ್ದಾರೆ."

ಕಟ್ಟಿ, ರಸೀದಿ ಮಡಿಸಿಕೊಂಡು ಈಚೆ ಬರುವಾಗ ಹಿಂದಿದ್ದ ದಪ್ಪನೆಯ ಮನುಷ್ಯನೊಬ್ಬ ಕಿಟಕಿಯ ಮುಂದೆ ನೆಟ್ಟಗೆ ನಿಂತು, "ಇದೇನ್ರೀ ಹಗಲು ದರೋಡೆ!" ಎಂದು ಕೂಗಿದ. ಸಾಲು ಚಪ್ಪಾಳೆ ತಟ್ಟಿತು. ಕನ್ನಡಕದಣ್ಣ ಬಾಗಿಲಲ್ಲಿ ನಿಂತ. ಆ ಮನುಷ್ಯನ ದೂರು ಸುಳ್ಳಾಗಿರಲಾರದು, ತನ್ನದೂ ಸುಳ್ಳಾಗಿರಲಿಲ್ಲ. "ಓದಿ ಸಹಿ ಹಾಕಿ ಸ್ವಾಮಿ" ಎಂದಷ್ಟೇ ಹೇಳಿ ಹೊರಟ. ಯಾರೋ ಅವನನ್ನು ನಗರಸಭೆಯ ಕಡೆಯವನೆಂದು ಬೈದರು.

ನಗರಸಭೆಯವರು ಬಂದು ತಗಡುಗಳನ್ನು ಕಿತ್ತು ಚೀಲಕ್ಕೆ ತುಂಬಿ, ಹೊಸ ದೀಪ ಹಾಕಲು ಎಷ್ಟು ತಡಮಾಡಬಹುದೋ ಅಷ್ಟು ತಡಮಾಡಿ, ಕೊನೆಗೆ ಹಾಕಿದರು. ಓಣಿಯವರು ಗೊಣಗುತ್ತ ತಮ್ಮ ತಮ್ಮ ತೆರಿಗೆ ಕಟ್ಟಿದರು. ಮೇಷ್ಟ್ರೂ ಕಟ್ಟಿದರು, ಪ್ರತಿಭಟನೆಯ ಒಂದು ಪತ್ರದ ಸಮೇತ. ಬೆಳಕು ಮೊದಲಿನಂತೆ ಎಲ್ಲರ ಬಾಗಿಲ ಮೇಲೂ, ಮೆಟ್ಟಿಲುಗಳ ಮೇಲೂ ಬಿತ್ತು. ಅಜ್ಜಿ ಮಾತ್ರ ಕಿಟಕಿಗೆ ಹಳೆಯ ಕಂಬಳಿ ಕಟ್ಟಿಕೊಂಡಳು.

ತಗಡಿನಣ್ಣನ ಕೈಯ ಪ್ಲಾಸ್ಟರ್ ಬಿಚ್ಚಿದ ಮೇಲೆ ಗೊತ್ತಾಯಿತು, ಮಣಿಕಟ್ಟು ತಿರುಗುವುದಿಲ್ಲ. ನೇರ ಕತ್ತರಿಸಬಲ್ಲ, ದುಂಡಗೆ ಕತ್ತರಿಸಲಾರ. ಲಾಳಿಕೆ ಆಗದು, ಬಕೆಟ್ಟಿನ ತಳ ಆಗದು. ಪೆಟ್ಟಿಗೆಗಳನ್ನು ಮಾತ್ರ ಮಾಡಿಕೊಂಡು ಮನೆಯೊಳಗೇ ಇರತೊಡಗಿದ. ಅವನು ಕೊನೆಯದಾಗಿ ದುಂಡಗೆ ಮಾಡಿದ್ದು ಯಾವುದೆಂದು ಕನ್ನಡಕದಣ್ಣನಿಗೆ ಗೊತ್ತಿತ್ತು. ನಗರಸಭೆಯವರ ಚೀಲದಿಂದ ಆ ಮರೆಯೊಂದನ್ನು ಕೇಳಿ ತೆಗೆದಿಟ್ಟುಕೊಂಡಿದ್ದ.

ಒಂದು ಸಂಜೆ ದೀಪ ಹತ್ತಿದೊಡನೆ ಅಂಗಡಿ ಮುಚ್ಚಿ, ಪೇಪರ್ ತಾನೇ ಕೊಂಡು, ಆ ಕಟ್ಟೆಯ ಮೇಲೆ ಹೋಗಿ ಕೂತ. ಬಾಗಿಲು ತೆರೆದಿತ್ತು. ಒಳಗೆ ತಗಡಿನಣ್ಣ ಗೋಡೆಗೆ ಒರಗಿ, ಮಣಿಕಟ್ಟು ನೀವಿಕೊಳ್ಳುತ್ತ ಕೂತಿದ್ದ.

"ಬರಲ್ವೇನೋ ಆಚೆ? ಬೆಳಕು ಚೆನ್ನಾಗಿದೆ."

"ಬೆಳಕು ಚೆನ್ನಾಗೇ ಇದೆ," ಎಂದ ತಗಡಿನಣ್ಣ. ಆಮೇಲೆ ಬೇಸರವಿಲ್ಲದ ದನಿಯಲ್ಲಿ ಕೇಳಿದ: "ಈಗ ಚೆನ್ನಾಗಿ ಕಾಣುತ್ತಾ ನಿನಗೆ, ಆಗ ಚೆನ್ನಾಗಿ ಕಾಣ್ತಿತ್ತಾ?"

ಸಾವಿರಾರು ಗಿರಾಕಿಗಳಿಗೆ ಈ ಪ್ರಶ್ನೆ ಕೇಳಿದವನು ಪೇಪರ್ ಬಿಡಿಸಿ ಮೊದಲ ಸುದ್ದಿ ಗಟ್ಟಿಯಾಗಿ ಓದಿದ. ಓದಿ ಮುಗಿಸಿ, "ಇದು ಹಗಲು..." ಎಂದವನು ಅಲ್ಲಿಗೇ ನಿಲ್ಲಿಸಿ ಕಾದ. "ಆಯ್ತು, ಮುಂದೆ ಕೇಳು" ಎನ್ನುವ ದನಿ ಬರಲಿಲ್ಲ. ಎರಡನೆಯ ಸುದ್ದಿ ಓದಿದ. ಹವಾಮಾನ ಓದಿದ.

ಒಳಗಿನಿಂದ ತಗಡಿನಣ್ಣ ಎದ್ದು ಬಾಗಿಲ ಹತ್ತಿರ ಬಂದ. ಎಡಗೈಯನ್ನು ಬಾಗಿಲ ಮೇಲಿಟ್ಟು ನಿಂತ.

"ತಪ್ಪು ತಿಳ್ಕೋಬೇಡ ಕಣೋ. ಇಷ್ಟು ದಿನ ಕತ್ತಲು ರೂಢಿಯಾಗಿಬಿಟ್ಟಿದೆ. ಈ ಬೆಳಕು ಕಣ್ಣಿಗೆ ಹೊಡೆಯುತ್ತೆ. ಬಾಗಿಲು ಸ್ವಲ್ಪ ಮುಂದಕ್ಕೆ ಮಾಡ್ತೀನಿ."

ಬಾಗಿಲು ನಿಧಾನವಾಗಿ ಮುಂದಕ್ಕೆ ಬಂತು. ಸಂದಿಯಲ್ಲಿ ಬೆರಳಗಲದ ಬೆಳಕು ಉಳಿದು, ಆಮೇಲೆ ಅದೂ ಹೋಯಿತು. ಕನ್ನಡಕದಣ್ಣ ಕನ್ನಡಕ ಒರೆಸಿಕೊಂಡು, ಪೇಪರನ್ನು ಮತ್ತೆ ಮೊದಲಿನಿಂದ, ಬಾಗಿಲಾಚೆಗೂ ಕೇಳಿಸುವ ಹಾಗೆ ಇನ್ನಷ್ಟು ಗಟ್ಟಿಯಾಗಿ ಓದತೊಡಗಿದ.